ಪ್ರೀಮಿಯಂ ಗ್ರಾಹಕ ಎಂಬ ಪಟ್ಟ: ಹಲವು ವರ್ಷ ಬಳಸಿದ ಮೇಲೆ

ಬ್ಯಾಂಕೊಂದರ ಪ್ರೀಮಿಯಂ ಸೇವೆಯನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ. ಫೋನ್ ಬೇಗ ಎತ್ತುತ್ತಾರೆ. ಕಾಗದಪತ್ರದ ಕೆಲಸ ತಡವಾಗುವುದಿಲ್ಲ. ಅಷ್ಟರ ಮಟ್ಟಿಗೆ ತೃಪ್ತಿ ಇದೆ.

ಆದರೆ ನಮಗೆ ಕೊಡುವ ಗೋಲ್ಡ್, ಪ್ಲಾಟಿನಂ ಹೆಸರುಗಳು ಸಾಮಾನ್ಯವಾಗಿ ಬ್ಯಾಲೆನ್ಸ್ ನೋಡಿ ಬಂದವು. ರಿಲೇಶನ್‌ಶಿಪ್ ಮ್ಯಾನೇಜರ್‌ಗಳು (ನಮ್ಮ ಖಾತೆ ನೋಡಿಕೊಳ್ಳುವ ಬ್ಯಾಂಕ್ ಸಿಬ್ಬಂದಿ) ಗ್ರಾಹಕರನ್ನು ಎ, ಬಿ, ಸಿ ಎಂದು ವಿಂಗಡಿಸುವಾಗ ಲೆಕ್ಕವೇ ಬೇರೆ. ನಮ್ಮಿಂದ ಎಷ್ಟು ಆದಾಯ ಬರುತ್ತದೆ, ಬೇರೆ ಕಡೆ ಎಷ್ಟು ಹಣ ಇಟ್ಟಿದ್ದೇವೆ, ಅದರಲ್ಲಿ ಎಷ್ಟನ್ನು ಇಲ್ಲಿಗೆ ತರಿಸಬಹುದು, ಇದೆಲ್ಲ ಸೇರುತ್ತದೆ. ದೊಡ್ಡ ಮೊತ್ತವನ್ನು ಸುಮ್ನೆ ಠೇವಣಿಯಲ್ಲಿ ಇಟ್ಟವರಿಗಿಂತ ಆಗಾಗ ಫಂಡು, ವಿಮೆ ಕೊಳ್ಳುವವರೇ ಪಟ್ಟಿಯಲ್ಲಿ ಮೇಲಿರಬಹುದು. ಕಮಿಷನ್ ಬರುವುದು ಅಲ್ಲಿಂದ, ಅಲ್ವಾ?

ಈ ಲೆಕ್ಕ ನನ್ನ ಅನುಭವಕ್ಕೂ ಬಂದಿದೆ. ಮನೆ ಕೊಳ್ಳಲು ಕೂಡಿಸಿದ್ದ ಹಣ ಖಾತೆಗೆ ಬಂದ ಮರುದಿನವೇ ಕರೆ ಬಂತು: "ಸರ್, ದುಡ್ಡು ಸುಮ್ನೆ ಬಿದ್ದಿದೆ, ಎಲ್ಲಾದ್ರೂ ಹಾಕೋಣ?" ಅದು ಯಾವುದಕ್ಕೆ ಇಟ್ಟ ಹಣ ಎಂದು ಕೇಳಲೇ ಇಲ್ಲ. ತ್ರೈಮಾಸಿಕ ಮುಗಿಯುವ ಹೊತ್ತಿಗೆ ಇಂಥ ಕರೆಗಳು ಜಾಸ್ತಿ. ಮ್ಯಾನೇಜರ್ ಬದಲಾದಾಗ ಇನ್ನೂ ಬೇಸರವಾಯಿತು. ಹೊಸಬರಿಗೆ ನನ್ನ ಬ್ಯಾಲೆನ್ಸ್ ಬಾಯಿಪಾಠವಾಗಿತ್ತು. ರಿಸ್ಕ್ ಬೇಡ ಎಂದು ನಾನು ಎಷ್ಟೋ ಸಲ ಹೇಳಿದ್ದು ಮಾತ್ರ ಅವರಿಗೆ ತಲುಪಿರಲಿಲ್ಲ.

ಸಂಪತ್ತು ನಿರ್ವಹಣೆಯ ಕ್ಷೇತ್ರದಲ್ಲಿ ಹೂಡಬಹುದಾದ ಆಸ್ತಿ 10 ಲಕ್ಷ ಡಾಲರ್ ಇದ್ದವರನ್ನು 'ಹೈ ನೆಟ್‌ವರ್ತ್' ಎಂದೂ, 3 ಕೋಟಿ ಡಾಲರ್ ದಾಟಿದವರನ್ನು 'ಅಲ್ಟ್ರಾ' ಎಂದೂ ಕರೆಯುವುದು ರೂಢಿ. ವಯಸ್ಸೆಷ್ಟು, ಸಾಕಬೇಕಾದವರು ಎಷ್ಟು ಜನ, ಹಣ ಯಾವಾಗ ಬೇಕು ಎಂಬುದಕ್ಕೆ ಆ ಹೆಸರುಗಳಲ್ಲಿ ಜಾಗವಿಲ್ಲ. ಸಲಹೆಗೆ ಬೇಕಾದ ಮಾಹಿತಿಯೇ ಅದು.

ದೊಡ್ಡ ಫಂಡ್‌ಗಳ ಜೊತೆಗೂ ಷೇರು ಕೊಂಡು ಮಾರಿಕೊಡುವ ಬ್ರೋಕರ್‌ಗಳು ಹೀಗೇ ನಡೆದುಕೊಳ್ಳುತ್ತಾರೆ. ಜಾಸ್ತಿ ಕಮಿಷನ್ ಕೊಡುವವರಿಗೆ, ಕಂಪನಿಗಳನ್ನು ಅಧ್ಯಯನ ಮಾಡಿ ವರದಿ ಬರೆಯುವ ಅನಲಿಸ್ಟ್‌ಗಳ ಸಮಯವೂ ಜಾಸ್ತಿ. ಯುರೋಪಿನಲ್ಲಿ 2018ರ ಜನವರಿಯಲ್ಲಿ ಜಾರಿಗೆ ಬಂದ, ಹೂಡಿಕೆ ಮಾರುಕಟ್ಟೆಗಳ ಮಿಫಿಡ್ 2 ನಿಯಮ, ಸಂಶೋಧನಾ ವರದಿಗಳ ಬೆಲೆಯನ್ನು ವಹಿವಾಟಿನ ಕಮಿಷನ್‌ನಿಂದ ಬೇರೆ ಮಾಡಿಸಿತು. ಯಾವುದಕ್ಕೆ ಎಷ್ಟು ಕೊಡುತ್ತಿದ್ದೇವೆ ಎಂದು ನಮ್ಮಂಥವರಿಗೂ ಅಷ್ಟೇ ಸ್ಪಷ್ಟವಾಗಿ ಕಾಣಬೇಕು.

ಈಗ ಯಾವ ಯೋಜನೆ ತೋರಿಸಿದರೂ "ಇದರಲ್ಲಿ ನಿಮಗೆ ಬರುವ ಕಮಿಷನ್ ಎಷ್ಟು? ಇಮೇಲ್‌ನಲ್ಲಿ ಬರೆದು ಕಳಿಸಿ" ಎನ್ನುತ್ತೇನೆ. ಕರೆಗಳು ತುಂಬಾ ಕಡಿಮೆಯಾಗಿವೆ. ದಿನನಿತ್ಯದ ಸೇವೆಗೆ 5ರಲ್ಲಿ 4, ಹೂಡಿಕೆ ಸಲಹೆಗೆ 1. ಖಾತೆ ಮುಂದುವರಿಸುತ್ತೇನೆ. ಸಲಹೆಗೆ ಮಾತ್ರ, ಕಮಿಷನ್ ಇಲ್ಲದೆ ನನ್ನಿಂದಲೇ ಫೀ ಪಡೆಯುವವರ ಹತ್ತಿರ ಹೋಗುತ್ತಿದ್ದೇನೆ.