ಪರೀಕ್ಷೆ, ಕೋ-ಆಪ್, ಪ್ರಾಜೆಕ್ಟ್: ಮೂರು ಥರದ ಎಂಜಿನಿಯರಿಂಗ್ ಕ್ಯಾಂಪಸ್‌ನಲ್ಲಿ ಇದ್ದು ನೋಡಿದ್ದು

ಎಂಜಿನಿಯರಿಂಗ್ ವಿಶ್ವವಿದ್ಯಾಲಯ ಆರಿಸುವಾಗ ಎಲ್ಲರೂ ರ‍್ಯಾಂಕಿಂಗ್ ನೋಡುತ್ತಾರೆ, ಸರಾಸರಿ ಸಂಬಳ ಎಷ್ಟು ಅಂತ ನೋಡುತ್ತಾರೆ. ಅಲ್ಲಿ ಓದುವವರು ಯಾವುದಕ್ಕೆ ಹೆದರುತ್ತಾರೆ ಅಂತ ಯಾರೂ ಕೇಳುವುದಿಲ್ಲ. ನಾನಾದರೆ ಮೊದಲು ಅದನ್ನೇ ಕೇಳುತ್ತೇನೆ. ಕ್ಯಾಂಪಸ್‌ನಲ್ಲಿ ಯಾವ ಹೆದರಿಕೆ ಇಟ್ಟುಕೊಂಡು ವರ್ಷಗಟ್ಟಲೆ ಕಳೆಯುತ್ತೀರೋ, ಮುಂದೆ ಕೆಲಸದಲ್ಲಿ ಆ ವಿಷಯದಲ್ಲೇ ಗಟ್ಟಿಗರಾಗಿರುತ್ತೀರಿ. ಉಳಿದದ್ದರಲ್ಲಿ ಅಷ್ಟಕ್ಕಷ್ಟೇ.

ನಾನು ಪದವಿ ಮಾಡಿದ್ದು ಪರೀಕ್ಷೆಯೇ ಎಲ್ಲ ಅನ್ನುವ ಕಡೆ. ಮಾಸ್ಟರ್ಸ್ ಮಾಡಿದ್ದು ಕೋ-ಆಪ್ ಇರುವ ಕಡೆ, ಅಂದರೆ ಒಂದು ಟರ್ಮ್ ತರಗತಿ, ಮುಂದಿನ ಟರ್ಮ್ ಯಾವುದಾದರೂ ಕಂಪನಿಯಲ್ಲಿ ಸಂಬಳದ ಕೆಲಸ. ಆಮೇಲೆ ಸ್ವಲ್ಪ ಕಾಲ, ಪಾಠವೆಲ್ಲ ಪ್ರಾಜೆಕ್ಟ್ ಮೂಲಕವೇ ನಡೆಯುವ ಒಂದು ಸಣ್ಣ ಕಾಲೇಜಿನಲ್ಲಿ ಸಹಾಯಕನಾಗಿ ಕೆಲಸ ಮಾಡಿದೆ. ಮೂರರ ಹೆಸರೂ ಇಲ್ಲಿ ಬೇಡ. ಈಗ ಹೊಸಬರ ಇಂಟರ್‌ವ್ಯೂ ಮಾಡುವ ಕೆಲಸ ನನ್ನ ತಲೆಗೆ ಬಂದಿದೆ, ಹಾಗಾಗಿ ಮೂರೂ ಕಡೆಯವರು ಎದುರಿಗೆ ಬಂದು ಕೂರುತ್ತಾರೆ. ರೆಸ್ಯೂಮೆ ಮುಚ್ಚಿಟ್ಟರೂ ಯಾರು ಯಾವ ಥರದ ಕ್ಯಾಂಪಸ್‌ನಿಂದ ಬಂದವರು ಅಂತ ಬೇಗ ಗೊತ್ತಾಗಿಬಿಡುತ್ತದೆ.

ಮೊದಲು ಪರೀಕ್ಷೆಯ ಕ್ಯಾಂಪಸ್. ಇಲ್ಲಿ ಹೆದರಿಕೆ ಒಂದೇ: ಫೇಲ್ ಆಗುವುದು, ಇಲ್ಲಾ ರ‍್ಯಾಂಕ್ ಕೆಳಗೆ ಬೀಳುವುದು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿರುವ ತಾಂತ್ರಿಕ ವಿಶ್ವವಿದ್ಯಾಲಯ ಇಟಿಎಚ್ ಇದಕ್ಕೆ ಒಳ್ಳೆಯ ಉದಾಹರಣೆ. 1855ರಲ್ಲಿ ಶುರುವಾದ ಸಂಸ್ಥೆ ಅದು. ಸ್ವಿಸ್ ಪ್ರೌಢಶಾಲೆಯ ಮಟೂರಾ ಪಾಸಾದವರಿಗೆ ಬಾಗಿಲು ತೆರೆದೇ ಇರುತ್ತದೆ, ಆದರೆ ಮೊದಲ ವರ್ಷದ ಬೇಸಿಸ್ ಪರೀಕ್ಷೆಯಲ್ಲಿ ಜರಡಿ ಹಿಡಿಯುತ್ತಾರೆ. ಫೇಲಾದರೆ ಮತ್ತೆ ಒಂದೇ ಅವಕಾಶ, ಅದೂ ಹೋದರೆ ಆ ಕೋರ್ಸ್ ಬಿಟ್ಟು ಹೊರಡಬೇಕು. ಫ್ರಾನ್ಸಿನ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಕತೆ ಬೇರೆ. 1794ರ ಸಂಸ್ಥೆ, ಸೈನ್ಯದ ನಂಟು ಇನ್ನೂ ಇದೆ, ವಿದ್ಯಾರ್ಥಿಗಳು ಸಮವಸ್ತ್ರ ಹಾಕಿ ಜುಲೈ 14ರ ಪೆರೇಡ್‌ನಲ್ಲಿ ನಡೆಯುತ್ತಾರೆ. ಅಲ್ಲಿ ಒಳಗೆ ಬರುವುದೇ ಕಷ್ಟ, ಹೊರಗೆ ಹೋಗುವಾಗಿನ ರ‍್ಯಾಂಕ್ ಇನ್ನೂ ಮುಖ್ಯ: ಸರ್ಕಾರದ ದೊಡ್ಡ ತಾಂತ್ರಿಕ ಸೇವೆಗಳ ಸೀಟು ಆ ಪಟ್ಟಿಯಲ್ಲಿ ಮೇಲಿದ್ದವರಿಗೆ.

ನಾನಿದ್ದ ಕಡೆ ಇಷ್ಟೆಲ್ಲ ಗತ್ತು ಇರಲಿಲ್ಲ, ಆದರೆ ಗಾಳಿ ಅದೇ. ಹಳೇ ಪ್ರಶ್ನೆಪತ್ರಿಕೆಗಳ ಕಟ್ಟು ಸೀನಿಯರ್‌ನಿಂದ ಜೂನಿಯರ್‌ಗೆ ಆಸ್ತಿಯ ಥರ ಬರುತ್ತಿತ್ತು. ಜೆರಾಕ್ಸ್‌ನ ಜೆರಾಕ್ಸ್ ಮಾಡಿ ಮಾಡಿ ಅಕ್ಷರ ಮಂಕಾಗಿ, ಇಂಟಿಗ್ರಲ್‌ನ ಮಿತಿ ಸೊನ್ನೆಯೋ ಆರೋ ಅಂತ ಊಹಿಸಬೇಕಿತ್ತು. ಅಂಚಿನಲ್ಲಿ ಯಾರೋ ಪೆನ್ಸಿಲ್‌ನಲ್ಲಿ ‘ಇದು ಮೂರು ಸಲ ಬಂದಿದೆ’ ಅಂತ ಬರೆದಿರುತ್ತಿದ್ದರು. ಲ್ಯಾಬ್‌ನಲ್ಲಿ ಮೋಟರ್ ತಿರುಗಲಿ ಬಿಡಲಿ, ರೆಕಾರ್ಡ್ ಪುಸ್ತಕದ ಗ್ರಾಫ್ ಮಾತ್ರ ಕಳೆದ ವರ್ಷದಷ್ಟೇ ನುಣುಪಾಗಿ ಬರುತ್ತಿತ್ತು. ಆದರೂ ಈ ಪದ್ಧತಿಯನ್ನು ಬೈಯುವವರ ಜೊತೆ ನಾನು ಸೇರುವುದಿಲ್ಲ. ಕಂಟ್ರೋಲ್ ಥಿಯರಿ, ಥರ್ಮೋಡೈನಮಿಕ್ಸ್, ಸಿಗ್ನಲ್ಸ್ ಇವತ್ತಿಗೂ ನನ್ನ ಬೆರಳ ತುದಿಯಲ್ಲಿವೆ ಅಂದರೆ ಅದು ಆ ಹೆದರಿಕೆಯ ಕೊಡುಗೆ. ಸುಮ್ನೆ ಆಸಕ್ತಿಯಿಂದ ಓದಿದ್ದರೆ ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ಇನ್ನೊಂದು ಮಾತು. ಪರೀಕ್ಷೆ ಕಷ್ಟ ಅಂದಮಾತ್ರಕ್ಕೆ ಕ್ಯಾಂಪಸ್ ಕತ್ತು ಕುಯ್ಯುವ ಜಾಗ ಆಗಬೇಕು ಅಂತೇನಿಲ್ಲ. ಅಮೆರಿಕದ ಕ್ಯಾಲ್ಟೆಕ್ ಸಾವಿರದ ಆಸುಪಾಸು ಪದವಿ ವಿದ್ಯಾರ್ಥಿಗಳಿರುವ ಸಣ್ಣ ಜಾಗ, ಓದಿನ ಭಾರ ಭಯಂಕರ. ಆದರೆ ಅಲ್ಲಿ ಬಹಳಷ್ಟು ಪರೀಕ್ಷೆಗಳನ್ನು ರೂಮಿಗೆ ತೆಗೆದುಕೊಂಡು ಹೋಗಿ, ಗಡಿಯಾರ ತಾವೇ ನೋಡಿಕೊಂಡು ಬರೆಯುತ್ತಾರೆ, ಕಾಯಲು ಯಾರೂ ಇಲ್ಲ. ಇನ್ನೊಬ್ಬರಿಗೆ ಅನ್ಯಾಯವಾಗುವಂತೆ ಲಾಭ ಪಡೆಯಬಾರದು ಅನ್ನುವ ಒಂದೇ ನಿಯಮದ ಮೇಲೆ ಅದು ನಡೆಯುತ್ತದೆ. ಅಮೆರಿಕದ್ದೇ ಆದ ಎಂಐಟಿಯಲ್ಲಿ ಮೊದಲ ಸೆಮಿಸ್ಟರ್‌ನಲ್ಲಿ ಫೇಲಾದ ವಿಷಯ ಹೊರಗೆ ಕಳಿಸುವ ಅಂಕಪಟ್ಟಿಯಲ್ಲಿ ಕಾಣುವುದೇ ಇಲ್ಲ. ಇಂಥ ಸಣ್ಣ ನಿಯಮಗಳೇ ಹೋಮ್‌ವರ್ಕ್ ರಾತ್ರಿ ಪಕ್ಕದ ರೂಮಿನವರು ಬಾಗಿಲು ತೆರೆಯುತ್ತಾರೋ ಮುಚ್ಚುತ್ತಾರೋ ಅನ್ನುವುದನ್ನು ತೀರ್ಮಾನಿಸುತ್ತವೆ.

ನನ್ನ ಜೊತೆ ಓದಿದವರು ಎಲ್ಲಿಗೆ ಹೋದರು? ಪಿಎಚ್‌ಡಿ, ಸಾಫ್ಟ್‌ವೇರ್, ಸರ್ಕಾರಿ ಕೆಲಸ, ಒಂದಷ್ಟು ಜನ ಬ್ಯಾಂಕು ಷೇರು ಕಡೆ. ಕೊಟ್ಟ ಲೆಕ್ಕ ಬಿಡಿಸುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಲೆಕ್ಕವೇ ಕೊಡದೆ, ‘ಗಿರಾಕಿ ಯಾಕೋ ಬೇಜಾರಾಗಿದ್ದಾನೆ, ಏನಂತ ನೋಡು’ ಅಂದರೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒದ್ದಾಡುತ್ತಾರೆ. ಓದಿದ ವಿಷಯಕ್ಕೂ ಮಾಡುವ ಕೆಲಸಕ್ಕೂ ಸಂಬಂಧ ಕಡಿಮೆ ಇರುವುದೂ ಇವರಲ್ಲೇ ಜಾಸ್ತಿ. ಬ್ರಾಂಚ್ ಸಿಕ್ಕಿದ್ದು ರ‍್ಯಾಂಕ್ ಮೇಲೆ ತಾನೆ, ಇಷ್ಟದ ಮೇಲಲ್ಲವಲ್ಲ.

ಎರಡನೆಯದು ಕೋ-ಆಪ್. ಇದು ಈಚಿನ ಫ್ಯಾಷನ್ ಅಂತ ಬಹಳ ಜನ ತಿಳಿದಿದ್ದಾರೆ, ಆದರೆ 1906ರಲ್ಲೇ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಅನ್ನುವ ಪ್ರಾಧ್ಯಾಪಕರು 27 ವಿದ್ಯಾರ್ಥಿಗಳ ಜೊತೆ ಶುರು ಮಾಡಿದ ಪದ್ಧತಿ ಇದು. ಕಾರ್ಖಾನೆಯಲ್ಲಿ ಕಲಿಯಬೇಕಾದ್ದನ್ನು ತರಗತಿಯಲ್ಲಿ ಕಲಿಸಲು ಆಗುವುದಿಲ್ಲ ಅನ್ನುವುದು ಅವರ ವಾದ. ಅಲ್ಲಿಯ ನಾರ್ತ್‌ಈಸ್ಟರ್ನ್, ಡ್ರೆಕ್ಸೆಲ್ ವಿಶ್ವವಿದ್ಯಾಲಯಗಳು ಅದೇ ದಾರಿ ಹಿಡಿದವು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಹುಟ್ಟಿದ್ದೇ ಕೋ-ಆಪ್ ಜೊತೆ. ಇವತ್ತಿಗೂ ಅಲ್ಲಿ ಎಂಜಿನಿಯರಿಂಗ್ ಓದುವವರಿಗೆಲ್ಲ ಅದು ಕಡ್ಡಾಯ, ನಾಲ್ಕು ತಿಂಗಳು ಓದು, ನಾಲ್ಕು ತಿಂಗಳು ಕೆಲಸ, ಹೀಗೆ ಪದವಿ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಎರಡು ವರ್ಷದ ಅನುಭವ ಕೈಯಲ್ಲಿರುತ್ತದೆ. ‘ಕ್ಯಾಲಿ ಆರ್ ಬಸ್ಟ್’ ಅನ್ನುವುದು ಅಲ್ಲಿಯ ಹುಡುಗರ ಮಾತು. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಸಿಗದಿದ್ದರೆ ಬದುಕೇ ಮುಳುಗಿತು ಅನ್ನುವ ಧಾಟಿ!

ಇಲ್ಲಿಯ ಹೆದರಿಕೆ ಮಾರ್ಕ್ಸ್ ಅಲ್ಲ, ಈ ಟರ್ಮ್ ಕೆಲಸ ಸಿಗದೇ ಹೋದರೆ ಅನ್ನುವುದು. ತರಗತಿ ಶುರುವಾಗಿ ಕೆಲವೇ ವಾರಕ್ಕೆ ಇಂಟರ್‌ವ್ಯೂ ಹಂಗಾಮು ಬರುತ್ತದೆ. ಹಿಂದಿನ ಬೆಂಚಿನಲ್ಲಿ ಒಬ್ಬರು ಫ್ಲೂಯಿಡ್ಸ್ ಪಾಠ ನಡೆಯುತ್ತಿರುವಾಗಲೇ ಫಾರ್ಮಲ್ ಷರ್ಟ್ ಹಾಕಿಕೊಂಡು ಕೂತಿರುತ್ತಾರೆ, ಅರ್ಧಕ್ಕೆ ಎದ್ದು ಹೋಗುತ್ತಾರೆ, ಪಾಠ ಮಾಡುವವರು ತಿರುಗಿಯೂ ನೋಡುವುದಿಲ್ಲ. ಯಾರಿಗೆ ಎಷ್ಟು ಕರೆ ಬಂತು ಅನ್ನುವುದೇ ಮಾತು. ಎಂಟನೇ ರೆಸ್ಯೂಮೆಗೂ ಒಂಬತ್ತನೇದಕ್ಕೂ ವ್ಯತ್ಯಾಸ ಒಂದೇ ಸಾಲು, ಆದರೆ ಆ ಒಂದು ಸಾಲಿನ ಮೇಲೆ ರಾತ್ರಿಯಿಡೀ ಚರ್ಚೆ. ನಾಲ್ಕು ತಿಂಗಳಿಗೊಮ್ಮೆ ರೂಮು ಖಾಲಿ, ಊರು ಬದಲು. ಗೆಳೆತನಕ್ಕೆ ಇದರಷ್ಟು ಕೆಟ್ಟ ಪದ್ಧತಿ ಇನ್ನೊಂದಿಲ್ಲ. ಒಳ್ಳೇ ಪರಿಚಯ ಆಗುವಷ್ಟರಲ್ಲಿ ಅವರು ಹೊರಟಿರುತ್ತಾರೆ, ಅವರು ವಾಪಸ್ ಬರುವಷ್ಟರಲ್ಲಿ ನೀವು ಹೊರಟಿರುತ್ತೀರಿ. ಕ್ಲಬ್ಬು, ನಾಟಕ, ಆಟದ ತಂಡ ಯಾವುದೂ ಬೇರು ಬಿಡುವುದಿಲ್ಲ.

ಆದರೆ ಕೆಲಸದ ಮಟ್ಟಿಗೆ? ಮೂರರಲ್ಲಿ ಇದೇ ಮುಂದೆ, ಅನುಮಾನವೇ ಇಲ್ಲ. ಯಾವುದು ಬೇಡ ಅಂತ ಗೊತ್ತಾಗುವುದೇ ದೊಡ್ಡ ಲಾಭ. ನನ್ನ ಜೊತೆಯ ಒಬ್ಬರು ವಿನ್ಯಾಸದ ಕೆಲಸವೇ ನನ್ನ ಜೀವ ಅಂತ ಬಂದವರು, ಒಂದು ಟರ್ಮ್ ಬರೀ ಡ್ರಾಯಿಂಗ್ ತಿದ್ದುತ್ತಾ ಕೂತಮೇಲೆ ಪ್ಲಾಂಟ್ ನಿರ್ವಹಣೆಗೆ ಹೋದರು, ಈಗಲೂ ಅಲ್ಲೇ ಖುಷಿಯಾಗಿದ್ದಾರೆ. ಪದವಿ ಮುಗಿದಮೇಲೆ ಕಲಿಯಬೇಕಾದ ಈ ಪಾಠ ಇಲ್ಲಿ ಮಧ್ಯದಲ್ಲೇ, ಸಂಬಳದ ಜೊತೆಗೇ ಸಿಗುತ್ತದೆ. ಇಲ್ಲಿಂದ ಬಂದವರು ಇಂಟರ್‌ವ್ಯೂನಲ್ಲಿ ಸಂಬಳದ ಮಾತು ಎತ್ತಲು ನಾಚುವುದಿಲ್ಲ, ಮೊದಲ ದಿನದಿಂದಲೇ ಕೆಲಸ ಹಿಡಿಯುತ್ತಾರೆ. ಕೊರತೆ ಒಂದೇ, ಅದೂ ತಡವಾಗಿ ಕಾಣುವಂಥದ್ದು. ನಾಲ್ಕು ತಿಂಗಳಿಗೆ ಎದ್ದು ಹೋಗಿ ಅಭ್ಯಾಸವಾದವರಿಗೆ ತಾವು ಮಾಡಿದ್ದು ಮುರಿದುಬಿದ್ದಾಗ ಅಲ್ಲೇ ಇದ್ದು ನೋಡುವ ಸಂದರ್ಭ ಬಂದಿರುವುದಿಲ್ಲ. ‘ನೀವು ಬರೆದ ಆ ಕೋಡ್ ಒಂದು ವರ್ಷ ಆದಮೇಲೆ ಏನಾಯಿತು?’ ಅಂತ ಕೇಳಿದರೆ ಹೆಚ್ಚಿನವರ ಬಳಿ ಉತ್ತರ ಇಲ್ಲ. ಎಂಟು ತಿಂಗಳು, ವರ್ಷ ಒಂದೇ ಕಡೆ ನಿಲ್ಲಿಸುವ ಕೋ-ಆಪ್‌ಗಳೂ ಇವೆ, ಸಿಕ್ಕಿದರೆ ಅವೇ ಮೇಲು.

ಮೂರನೆಯದು ಪ್ರಾಜೆಕ್ಟ್ ಕಾಲೇಜು. ಅಮೆರಿಕದ ಓಲಿನ್ ಕಾಲೇಜಿನ ಕತೆ ನನಗೆ ಬಹಳ ಇಷ್ಟ. ಮೊದಲ ಪೂರ್ಣ ತಂಡ ಸೇರಿದ್ದು 2002ರಲ್ಲಿ, ಆದರೆ ಅದಕ್ಕೆ ಒಂದು ವರ್ಷ ಮುಂಚೆಯೇ 15 ಹುಡುಗರು, 15 ಹುಡುಗಿಯರನ್ನು ಕರೆಸಿ, ಪಠ್ಯಕ್ರಮವನ್ನೇ ಅವರ ಜೊತೆ ಸೇರಿ ಮಾಡಿದರು. ಆಗ ತಾನೆ ಶಾಲೆ ಮುಗಿಸಿದ ಒಂದು ಗುಂಪಿಗೆ, ಐದು ವಾರದಲ್ಲಿ ಪಲ್ಸ್ ಆಕ್ಸಿಮೀಟರ್ ಮಾಡಿ ಅಂದರು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಯಂತ್ರ. ಸರ್ಕ್ಯೂಟ್ ಪಾಠ ಆಗಿಲ್ಲ, ಬೆಳಕಿನ ಪಾಠ ಆಗಿಲ್ಲ. ಮಾಡಿ ತೋರಿಸಿದರು! ಡೆನ್ಮಾರ್ಕಿನ ಆಲ್‌ಬೋರ್ಗ್ ವಿಶ್ವವಿದ್ಯಾಲಯ 1974ರಲ್ಲಿ ಶುರುವಾದಾಗಿನಿಂದಲೂ ಇದೇ ದಾರಿ: ಸೆಮಿಸ್ಟರ್‌ನ ಅರ್ಧದಷ್ಟು ಗುಂಪಿನ ಪ್ರಾಜೆಕ್ಟ್. ಅಮೆರಿಕದ ಡಬ್ಲ್ಯೂಪಿಐ (ವೂಸ್ಟರ್ ಪಾಲಿಟೆಕ್ನಿಕ್) 1970ರಲ್ಲೇ ಹಳೇ ಕ್ರಮ ಬಿಟ್ಟು ಪ್ರಾಜೆಕ್ಟ್‌ಗೆ ಬಂತು. ಅಲ್ಲಿ ಏಳು ವಾರದ ಟರ್ಮ್, ಫೇಲಾದದ್ದು ದಾಖಲೆಗೇ ಹೋಗುವುದಿಲ್ಲ.

ಕೇಳಲು ಸ್ವರ್ಗ, ಅಲ್ವಾ? ಇಲ್ಲೂ ಹೆದರಿಕೆ ಇದೆ. ಗುಂಪಿನಲ್ಲಿ ನಿಮ್ಮನ್ನು ಯಾರೂ ಸೇರಿಸಿಕೊಳ್ಳದೇ ಹೋದರೆ ಅನ್ನುವ ಹೆದರಿಕೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಗುಂಪು ಸಣ್ಣ ಗೇರ್‌ಬಾಕ್ಸ್ ಮಾಡುತ್ತಿತ್ತು. ಐದು ಜನ. ಒಬ್ಬಳು ರಾತ್ರಿ ಕೂತು ಬೇರಿಂಗ್ ಕೂರುವ ತೂತನ್ನು ಮತ್ತೆ ಮತ್ತೆ ಅಳೆದು, ಶಾಫ್ಟ್ ಅಲ್ಲಾಡದ ಹಾಗೆ ಮಾಡಿದಳು. ಪ್ರೆಸೆಂಟೇಷನ್ ದಿನ ಸ್ಲೈಡ್ ಹಿಡಿದು ಮಾತಾಡಿದ್ದು ಬೇರೆಯವನು, ಚಪ್ಪಾಳೆಯೂ ಅವನಿಗೇ. ಕೊನೆಯಲ್ಲಿ ಒಬ್ಬರಿಗೊಬ್ಬರು ಮಾರ್ಕ್ಸ್ ಕೊಡುವ ಹಾಳೆಯಲ್ಲಿ ಐದೂ ಜನ ಎಲ್ಲರಿಗೂ ಒಂದೇ ಮಾರ್ಕ್ಸ್ ಬರೆದಿದ್ದರು. ಮುಂದಿನ ಟರ್ಮ್‌ನಲ್ಲೂ ಒಟ್ಟಿಗೆ ಇರಬೇಕಲ್ಲ, ಯಾರು ಜಗಳ ಹಚ್ಚಿಕೊಳ್ಳುತ್ತಾರೆ! ಮುಂದಿನ ಸಲ ಅವಳು ಗುಂಪಿನ ಮೊದಲ ಸಭೆಯಲ್ಲೇ ‘ಅಳತೆ ನಾನು ಮಾಡಿದರೆ ಆ ಭಾಗದ ಮಾತೂ ನನ್ನದೇ’ ಅಂತ ಹೇಳಿಯೇ ಕೂತಳು. ಈ ಪಾಠ ಯಾವ ಸಿಲಬಸ್‌ನಲ್ಲೂ ಇಲ್ಲ, ಆದರೆ ಕೆಲಸದಲ್ಲಿ ಬಹಳ ಜನ ಇದನ್ನು ಕಲಿಯುವುದು ಒಂದೆರಡು ಬಡ್ತಿ ಕೈತಪ್ಪಿದ ಮೇಲೆ.

ಇಲ್ಲಿಂದ ಹೊರಟವರು ಸಣ್ಣ ಕಂಪನಿ, ಸ್ಟಾರ್ಟಪ್, ಪ್ರಾಡಕ್ಟ್ ಮ್ಯಾನೇಜರ್ ಕೆಲಸ, ವೈದ್ಯಕೀಯ ಉಪಕರಣ, ಇಂಥ ಕಡೆ ಹೋಗುತ್ತಾರೆ. ಗೊತ್ತಿಲ್ಲದ ಕೆಲಸಕ್ಕೆ ಕೈಹಾಕಲು ಅಂಜುವುದಿಲ್ಲ. ಬುಡದ ಗಣಿತ ಕೇಳಿದರೆ ಮಾತ್ರ ಕೆಲವರು ತೇಲಿಸುತ್ತಾರೆ. ಪ್ರಾಜೆಕ್ಟ್‌ಗೆ ಬೇಕಾದಷ್ಟೇ ಕಲಿತರೆ ಪ್ರಾಜೆಕ್ಟ್‌ಗೆ ಬೇಡವಾದದ್ದು ಪೂರ್ತಿ ಬಿಟ್ಟುಹೋಗುತ್ತದೆ. ಮುಂದೆ ಸಂಶೋಧನೆಗೆ ಹೋಗುವವರಿಗೆ ಇದು ಕಾಡುತ್ತದೆ.

ಪರೀಕ್ಷೆಯ ಕ್ಯಾಂಪಸ್‌ನಲ್ಲೇ ಇದ್ದುಕೊಂಡು ಪ್ರಾಜೆಕ್ಟ್‌ನ ಲಾಭ ಪಡೆಯುವ ಹಿತ್ತಿಲ ಬಾಗಿಲೊಂದಿದೆ: ವಿದ್ಯಾರ್ಥಿಗಳ ರೇಸ್ ಕಾರ್, ಸೋಲಾರ್ ಕಾರ್, ರಾಕೆಟ್ ತಂಡಗಳು. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸೋಲಾರ್ ಕಾರ್ ತಂಡದವರು ಓದು ಬದಿಗಿಟ್ಟು ಇಡೀ ವರ್ಷ ಅದನ್ನೇ ಮಾಡುತ್ತಾರೆ. ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ಗೆ ಸುಮಾರು 3,000 ಕಿಲೋಮೀಟರ್ ಓಟವನ್ನು 2001ರಲ್ಲಿ ಮೊದಲ ಪ್ರಯತ್ನದಲ್ಲೇ ಗೆದ್ದರು. 2019ರಲ್ಲಿ ಗೆಲುವು ಕಣ್ಣೆದುರೇ ಇದ್ದಾಗ ಕಾರಿಗೆ ಬೆಂಕಿ ಬಿತ್ತು. ಬ್ಯಾಟರಿ, ಬಜೆಟ್, ಜಗಳ, ಸೋಲು ಎಲ್ಲವೂ ಒಂದೇ ವರ್ಷದಲ್ಲಿ. ಇಂಥ ತಂಡದಲ್ಲಿ ಇದ್ದವರ ರೆಸ್ಯೂಮೆ ಬಂದರೆ ನಾನು ಅಂಕಪಟ್ಟಿ ಆಮೇಲೆ ನೋಡುತ್ತೇನೆ.

ಹಳೆ ವಿದ್ಯಾರ್ಥಿಗಳ ವಿಷಯಕ್ಕೆ ಬಂದರೆ, ಬ್ರೋಷರ್‌ನಲ್ಲಿ ಹಾಕುವ ಫೋಟೋಗಳನ್ನು ಮರೆತುಬಿಡಿ. ಬ್ಲ್ಯಾಕ್‌ಬೆರಿ ಫೋನ್ ಕಂಪನಿ ಕಟ್ಟಿದ ಮೈಕ್ ಲಜಾರಿಡಿಸ್ 1984ರಲ್ಲಿ ವಾಟರ್‌ಲೂ ಓದು ಮುಗಿಸದೆ ಹೊರಟವರು, ಆಮೇಲೆ ಅದೇ ವಿಶ್ವವಿದ್ಯಾಲಯದ ಕುಲಪತಿಯಾದರು. ಗೂಗಲ್‌ನ ಸುಂದರ್ ಪಿಚೈ ಖರಗಪುರದ ಐಐಟಿಯಲ್ಲಿ ಓದಿದ್ದು ಲೋಹಶಾಸ್ತ್ರ. ಇಂಥವರಿಂದ ಕಾಲೇಜಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ತರಗತಿಯ ನಡುಮಧ್ಯದಲ್ಲಿ ಪಾಸಾದವರನ್ನು ಹುಡುಕಿ. ಮುಗಿಸಿ ಐದು ವರ್ಷ ಆದವರು ಈಗ ಏನು ಮಾಡುತ್ತಿದ್ದಾರೆ ಅಂತ ಲಿಂಕ್ಡ್‌ಇನ್‌ನಲ್ಲಿ ಒಂದು ಸಂಜೆ ಕೂತು ನೋಡಿದರೆ ಸಾಕು.

ಸಂದೇಶ ಕಳಿಸಿಯೂ ನೋಡಿ. ನನ್ನ ಅನುಭವದಲ್ಲಿ ಕೋ-ಆಪ್ ಕಡೆಯವರು ಅವತ್ತೇ ಉತ್ತರಿಸುತ್ತಾರೆ, ಎರಡು ಸಾಲು, ರೆಫರಲ್ ಬೇಕಾ ಅಂತ. ಪ್ರಾಜೆಕ್ಟ್ ಕಡೆಯವರು ಫೋನ್ ಮಾಡಿ ತಾಸುಗಟ್ಟಲೆ ಮಾತಾಡುತ್ತಾರೆ. ಪರೀಕ್ಷೆ ಕಡೆಯವರು ಬ್ಯಾಚ್ ಯಾವುದು ಅಂತ ಕೇಳಿ ಸುಮ್ಮನಾಗಿಬಿಡುತ್ತಾರೆ, ಆದರೆ ಅವರ ಸಂಖ್ಯೆ ಎಷ್ಟು ದೊಡ್ಡದು ಅಂದರೆ ಹತ್ತು ಜನರಲ್ಲಿ ಒಬ್ಬರು ಸಿಕ್ಕೇ ಸಿಗುತ್ತಾರೆ. ಕೆನಡಾದಲ್ಲಂತೂ ಕಾಲೇಜಿನ ಗಡಿಯೇ ಇಲ್ಲ, 1925ರಿಂದ ಎಂಜಿನಿಯರ್‌ಗಳು ಬರೆಯುವ ಕೈಯ ಕಿರುಬೆರಳಿಗೆ ಕಬ್ಬಿಣದ ಉಂಗುರ ಹಾಕಿಕೊಳ್ಳುತ್ತಾರೆ. ಮೀಟಿಂಗ್‌ನಲ್ಲಿ ಎದುರಿನವರ ಕೈ ಮೇಜಿಗೆ ತಾಗಿದಾಗ ಟಿಣ್ ಅಂದರೆ ಮಾತು ಶುರು.

ಯಾವುದು ಆರಿಸಲಿ ಅಂತ ನೇರವಾಗಿ ಕೇಳಿದರೆ ನೇರವಾಗಿಯೇ ಹೇಳುತ್ತೇನೆ. ಏನಾಗಬೇಕು ಅಂತ ಇನ್ನೂ ಗೊತ್ತಿಲ್ಲದವರು ಕೋ-ಆಪ್‌ಗೆ ಹೋಗಿ, ವರ್ಷ ಜಾಸ್ತಿ ಹಿಡಿದರೂ ಪರವಾಗಿಲ್ಲ. ಸಂಶೋಧನೆ ಅಂತ ಮನಸ್ಸು ಗಟ್ಟಿ ಇದ್ದವರು ಪರೀಕ್ಷೆಯ ಕಡೆಗೆ, ಜೊತೆಗೆ ಯಾವುದಾದರೂ ತಂಡ ಸೇರಿಕೊಳ್ಳಿ. ಪ್ರಾಜೆಕ್ಟ್ ಕಾಲೇಜು ಆರಿಸುವವರು ಸೇರುವ ಮುಂಚೆ ಅಲ್ಲಿಯ ಮೂರನೇ ವರ್ಷದ ಇಬ್ಬರನ್ನು ಬೇರೆ ಬೇರೆಯಾಗಿ ಮಾತಾಡಿಸಿ. ಗುಂಪು ಮಾಡುವುದು ಕಾಲೇಜೋ ವಿದ್ಯಾರ್ಥಿಗಳೋ ಕೇಳಿ. ಕೆಲಸ ಮಾಡದವನನ್ನು ಗುಂಪಿನಿಂದ ತೆಗೆಯಲು ದಾರಿ ಇದೆಯಾ, ಇದ್ದರೆ ಕೊನೇ ಸಲ ಯಾವಾಗ ತೆಗೆದರು ಅಂತಲೂ ಕೇಳಿ.