ಹ್ಯಾಮಿಲ್ಟನ್ ಗ್ರೇಂಜ್: ವಕೀಲನೊಬ್ಬ ಎರಡೇ ವರ್ಷ ಬಾಳಿದ ಮನೆ

ನಾನು ಧಾರವಾಡದ ಕೋರ್ಟಿನಲ್ಲಿ ಇಪ್ಪತ್ತೆಂಟು ವರ್ಷ ವಕೀಲಿ ಮಾಡಿದವಳು. ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಬಂದಾಗ ಈ ಮನೆ ನೋಡಲೇಬೇಕು ಅಂತ ಹಟ ಹಿಡಿದು ಹೋದೆ. ಐದಕ್ಕೆ ಐದು ಅಂಕ ಕೊಡ್ತೇನೆ.

ನ್ಯೂಯಾರ್ಕಿನ ಹಾರ್ಲೆಮ್‌ನ ಸೇಂಟ್ ನಿಕೋಲಸ್ ಪಾರ್ಕಿನಲ್ಲಿದೆ. 1ನೇ ನಂಬರಿನ ಸಬ್‌ವೇ ರೈಲು ಹತ್ತಿ 137ನೇ ಬೀದಿ ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಹೋಗಬಹುದು. ಟಿಕೆಟ್ ಇಲ್ಲ. ತೆರೆದಿರುವ ದಿನ ಯಾವುದು ಅಂತ ಮೊದಲೇ ನೋಡಿಕೊಳ್ಳಿ.

ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅಮೆರಿಕದ ಮೊದಲ ಖಜಾನೆ ಕಾರ್ಯದರ್ಶಿ. ಹುದ್ದೆ ಬಿಟ್ಟ ಮೇಲೆ ವಕೀಲಿಯಲ್ಲಿ ದುಡಿದು, ಸಾಲವನ್ನೂ ಮಾಡಿ 1802ರಲ್ಲಿ ಇದನ್ನು ಕಟ್ಟಿಸಿದ. ಅವನ ಸ್ವಂತದ ಮನೆ ಇದೊಂದೇ. 1804ರ ಜುಲೈ 11ರ ಬೆಳಗ್ಗೆ ಹಡ್ಸನ್ ನದಿ ದಾಟಿ ನ್ಯೂಜೆರ್ಸಿಯ ವೀಹಾಕನ್‌ಗೆ ದ್ವಂದ್ವಕ್ಕೆ ಹೋದ, ಅಂದರೆ ಮಾನದ ಜಗಳಕ್ಕೆ ಇಬ್ಬರು ಎದುರುಬದುರು ನಿಂತು ಕಾದಾಡುವುದಕ್ಕೆ. ಪಿಸ್ತೂಲು ಹಿಡಿದು ಎದುರು ನಿಂತವನು ಉಪಾಧ್ಯಕ್ಷ ಏರನ್ ಬರ್. ಅವನ ಗುಂಡು ತಿಂದು ಮರುದಿನ ಹ್ಯಾಮಿಲ್ಟನ್ ಸತ್ತ.

ಬರ್ ಕೂಡ ವಕೀಲನೇ. 1800ರಲ್ಲಿ ಲೀವೈ ವೀಕ್ಸ್ ಎಂಬ ಕೊಲೆ ಆರೋಪಿಯ ಪರ ಇಬ್ಬರೂ ಒಟ್ಟಿಗೆ ನಿಂತು ಬಿಡಿಸಿದ್ದರು!

ಕೆಳಗಿನ ಅಂತಸ್ತಿನಲ್ಲಿ ಅವನ ಬದುಕಿನ ಪ್ರದರ್ಶನವಿದೆ, ಅದನ್ನು ಬೇಗ ಮುಗಿಸಬಹುದು. ಮೇಲೆ ಹಸಿರು ಗೋಡೆಯ ಚಿಕ್ಕ ಓದುವ ಕೋಣೆಗೆ ಬಂದಾಗ ನನ್ನ ಕಾಲು ನಿಂತಿತು. ಬರ್ ಜೊತೆಗಿನ ಆ ಜಗಳ ನೆನಪಾಯಿತು. ಅದು ಶುರುವಾಗಿದ್ದು ಪೇಪರಿನಲ್ಲಿ ಅಚ್ಚಾದ ಒಂದು ಕಾಗದದಿಂದ. ಬರ್ ಬಗ್ಗೆ ಹ್ಯಾಮಿಲ್ಟನ್ ಇನ್ನೂ ಹೀನಾಯವಾದ ಮಾತಾಡಿದ್ದಾನೆ ಅಂತ ಅದರಲ್ಲಿತ್ತು. ಗವರ್ನರ್ ಚುನಾವಣೆ ಸೋತು ಕೂತಿದ್ದ ಬರ್ ವಿವರಣೆ ಕೇಳಿದ. ಹ್ಯಾಮಿಲ್ಟನ್ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಹೀನಾಯ ಅನ್ನುವ ಆ ಪದಕ್ಕೆ ಎಷ್ಟೆಲ್ಲ ಅರ್ಥ ಇರಬಹುದು ಅಂತ ಉದ್ದಕ್ಕೆ ಬರೆದ. ಅಂಥ ನೋಟಿಸು, ಅಂಥ ಜವಾಬು ನಾನು ಎಷ್ಟು ಬರೆದಿಲ್ಲ! ನನ್ನ ಕಕ್ಷಿದಾರನಾಗಿದ್ದರೆ ಕೈ ಹಿಡಿದು ಒಂದು ಸಾಲಿನಲ್ಲಿ ಮುಗಿಸಿ ಅಂತಿದ್ದೆ.

ಊಟದ ಕೋಣೆಯ ಕನ್ನಡಿ ಬಾಗಿಲುಗಳು ಚೆನ್ನಾಗಿವೆ. ಆದರೆ ಬೈಠಕ್ಕಿನ ಕೋಣೆಯಲ್ಲಿರುವ ಪಿಯಾನೋ ನೋಡದೆ ಬರಬೇಡಿ. ಅದು ಆ ಮನೆಯವರದ್ದೇ, ಅಸಲಿ. ನುಡಿಸುತ್ತಿದ್ದವಳು ಹ್ಯಾಮಿಲ್ಟನ್‌ನ ಮಗಳು ಆಂಜೆಲಿಕಾ, ಲಂಡನ್ನಿನಿಂದ ಕೊಡಿಸಿದ್ದು ಅವಳ ದೊಡ್ಡಮ್ಮ. 1801ರಲ್ಲಿ ಅಣ್ಣ ಫಿಲಿಪ್ ಇಂಥದೇ ದ್ವಂದ್ವದಲ್ಲಿ ಗುಂಡು ತಿಂದು ಸತ್ತ. ಅವಳ ಬುದ್ಧಿ ಅಲ್ಲಿಗೇ ಕದಡಿತು, ಮತ್ತೆ ಸರಿಹೋಗಲಿಲ್ಲ. ಮಗನನ್ನು ಹಾಗೆ ಕಳೆದುಕೊಂಡ ತಂದೆ, ಮಗಳನ್ನು ದಿನಾ ಕಣ್ಣೆದುರು ನೋಡಿಯೂ, ಮೂರು ವರ್ಷದೊಳಗೆ ಅದೇ ನದಿ ದಾಟಿದ ಅಲ್ವಾ? ನನ್ನ ಮಗಳು ಹೋಗೋಣ ಅಮ್ಮಾ ಅಂತ ಎರಡು ಸಲ ಕರೆದಳು. ನಾನು ಆ ಬಿಳಿ ಕಪ್ಪು ಮಣೆಗಳನ್ನೇ ನೋಡುತ್ತಾ ನಿಂತಿದ್ದೆ.