ಚೀನೀ ಅಕ್ಷರ ತಿದ್ದಲು ಯಾವುದು ಮೇಲು: ಆ್ಯಪೋ, ಚೌಕದ ಹಾಳೆಯೋ, ನೀರಿನ ಕುಂಚವೋ?

ಚೀನೀ ಅಕ್ಷರದ ಗೆರೆಗಳನ್ನು ಸರಿಯಾದ ಕ್ರಮದಲ್ಲಿ ಬರೆಯಲು ಕಲಿಯುವುದಕ್ಕೆ ನಾಲ್ಕು ದಾರಿ ಹಿಡಿದು ನೋಡಿದ್ದೇನೆ. ಪ್ಲೆಕೊ ನಿಘಂಟಿನಲ್ಲಿ ಗೆರೆಗಳು ಒಂದೊಂದಾಗಿ ಮೂಡುವುದನ್ನು ನೋಡುವುದು, ಸ್ಕ್ರಿಟರ್ ಆ್ಯಪ್‌ನಲ್ಲಿ ಬೆರಳಿನಿಂದ ಬರೆಯುವುದು, ಚೌಕದ ಹಾಳೆಯಲ್ಲಿ ಪೆನ್ನಿನಿಂದ ತಿದ್ದುವುದು, ನೀರಿನಲ್ಲಿ ಅದ್ದಿದ ಕುಂಚದಿಂದ ಬಟ್ಟೆಯ ಮೇಲೆ ಬರೆಯುವುದು. ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ನನ್ನ ಆಯ್ಕೆ ಚೌಕದ ಹಾಳೆ.

ನೋಡಿ ಕಲಿಯುವುದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನೋಡುವಾಗ ಎಲ್ಲ ಗೊತ್ತಾದಂತೆ ಅನ್ನಿಸುತ್ತದೆ, ಪರದೆ ಮುಚ್ಚಿದರೆ ಕೈ ಓಡುವುದಿಲ್ಲ. ಹೊಸ ಅಕ್ಷರ ಎದುರಾದಾಗ ಒಂದೆರಡು ಸಲ ನೋಡಿಕೊಳ್ಳಲು ಸಾಕು.

ಕ್ರಮವನ್ನು ತಲೆಯಲ್ಲಿ ಕೂರಿಸುವುದರಲ್ಲಿ ಸ್ಕ್ರಿಟರ್‌ಗೆ ಸಾಟಿಯಿಲ್ಲ. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ಅಡ್ಡಗೆರೆಯ ನಂತರ ನಿಂತ ಗೆರೆ ಎಂಬ ನಿಯಮಗಳು ಬೇಗ ಬಾಯಿಗೆ ಬರುತ್ತವೆ. ಕಾಡುವುದು ಈ ನಿಯಮಗಳಿಗೆ ಸುಲಭವಾಗಿ ಸಿಗದ ಅಕ್ಷರಗಳು. ಬೆಂಕಿ ಎಂಬ ಅರ್ಥದ 'ಹುವೊ'ದಲ್ಲಿ (火) ನಾಲ್ಕು ಗೆರೆ. ನಡುವಿನ ಎರಡು ಕಾಲುಗಳನ್ನೇ ಮೊದಲು ಎಳೆಯೋಣ ಅನ್ನಿಸುತ್ತದೆ, ಆದರೆ ಅಕ್ಕಪಕ್ಕದ ಚಿಕ್ಕ ಗೆರೆಗಳು ಮೊದಲು. ದೇಶ ಎಂಬ ಅರ್ಥದ 'ಗುವೊ'ದಲ್ಲಿ (国) ಹೊರಗೋಡೆಯ ಮೂರು ಬದಿ ಎಳೆದು, ಒಳಗಿನದನ್ನೆಲ್ಲ ಬರೆದು, ಕೊನೆಗೆ ತಳದ ಗೆರೆ ಹಾಕಬೇಕು. ಗೆರೆ ಹಿಂದುಮುಂದಾದರೆ ಆ್ಯಪ್ ಅಲ್ಲೇ ತಡೆಯುತ್ತದೆ, ಮರೆಯುವ ಹೊತ್ತಿಗೆ ಅದೇ ಅಕ್ಷರವನ್ನು ಮತ್ತೆ ಕೇಳುತ್ತದೆ.

ಆದರೆ ಕ್ರಮವೊಂದೇ ಬರವಣಿಗೆಯಲ್ಲ. ಮಣ್ಣು ಎಂಬ ಅರ್ಥದ 'ತು' (土), ವಿದ್ವಾಂಸ ಎಂಬ ಅರ್ಥದ 'ಶಿ' (士) ಎರಡಕ್ಕೂ ಮೂರೇ ಗೆರೆ, ಕ್ರಮವೂ ಒಂದೇ: ಅಡ್ಡ, ನಿಂತದ್ದು, ಮತ್ತೆ ಅಡ್ಡ. 'ತು'ವಿನಲ್ಲಿ ಕೆಳಗಿನ ಅಡ್ಡಗೆರೆ ಉದ್ದ, 'ಶಿ'ಯಲ್ಲಿ ಮೇಲಿನದು ಉದ್ದ. ಬೆರಳು ಎಳೆದ ಸೊಟ್ಟ ಗೆರೆಯನ್ನು ಆ್ಯಪ್ ತಿದ್ದಿ ಅಚ್ಚಿನ ಗೆರೆಯಾಗಿ ತೋರಿಸಿದಾಗ ಈ ಉದ್ದದ ಲೆಕ್ಕ ಕೈಗೆ ಹತ್ತುವುದಿಲ್ಲ. ಸ್ಕ್ರಿಟರ್‌ನಲ್ಲಿ 'ರಾ ಸ್ಕ್ವಿಗ್ಸ್' ಎಂಬ ಸೆಟ್ಟಿಂಗ್ ಇದೆ. ಅದನ್ನು ಹಾಕಿಕೊಂಡರೆ ನಾವು ಬರೆದ ಗೆರೆ ಹಾಗೇ ಉಳಿಯುತ್ತದೆ. ಹಾಕಿಕೊಳ್ಳಲೇಬೇಕು.

ಚೌಕದ ಹಾಳೆ ಗೆಲ್ಲುವುದು ಇಲ್ಲೇ. ಚೀನಾದ ಮಕ್ಕಳು ಬಳಸುವ 'ತ್ಯೆನ್‌ಝಿಗ'ದಲ್ಲಿ ಪ್ರತಿ ಚೌಕವೂ ನಾಲ್ಕು ಭಾಗವಾಗಿರುತ್ತದೆ. ಗೆರೆ ಎಲ್ಲಿ ಹುಟ್ಟಿ, ಮಧ್ಯದ ಗೆರೆಯನ್ನು ಎಲ್ಲಿ ದಾಟಿತು ಎಂಬುದು ಕಣ್ಣಿಗೆ ಹೊಡೆಯುತ್ತದೆ. ಕನ್ನಡದ ಕೈಗೆ ಇದರ ಅಗತ್ಯ ಇನ್ನೂ ಹೆಚ್ಚು. ನಾವು 'ಅ' ತಿದ್ದುವಾಗ ಪೆನ್ನು ಎತ್ತದೆ ಸುತ್ತಿ ಬರುತ್ತೇವೆ, ಇಲ್ಲಿ ಗೆರೆಗೊಮ್ಮೆ ಎತ್ತಿ ಇಡಬೇಕು. ಒಂದು ಷರತ್ತು: ಮಾದರಿ ನೋಡಿ ಸಾಲು ತುಂಬಿಸಿದರೆ ಏನೂ ಉಳಿಯದು. ಅರ್ಥ ಮತ್ತು ಉಚ್ಚಾರಣೆ ಮಾತ್ರ ಬರೆದುಕೊಂಡು, ಅಕ್ಷರವನ್ನು ನೆನಪಿನಿಂದ ಬರೆದು, ಆಮೇಲೆ ಹೋಲಿಸಿ ನೋಡಬೇಕು. ಕ್ರಮ ತಪ್ಪಿದರೆ ಹೇಳುವವರು ಯಾರೂ ಇರುವುದಿಲ್ಲ, ಅದೇ ಹಾಳೆಯ ಕೊರತೆ.

ನೀರಿನ ಕುಂಚ ನಿಧಾನದ ದಾರಿ. ಬರೆದದ್ದು ಕೆಲವೇ ನಿಮಿಷಗಳಲ್ಲಿ ಆರಿ ಮಾಯವಾಗುತ್ತದೆ, ಬಟ್ಟೆ ಮತ್ತೆ ಸಿದ್ಧ. ಚೀನಾದ ಉದ್ಯಾನಗಳಲ್ಲಿ ಹಿರಿಯರು ದೊಡ್ಡ ಕುಂಚ ಹಿಡಿದು ನೆಲದ ಕಲ್ಲಿನ ಮೇಲೆ ಬರೆಯುವುದೂ ಹೀಗೆ ನೀರಿನಲ್ಲೇ. ಕ್ರಮ ಏಕೆ ಹಾಗಿದೆ ಎಂಬುದು ನನಗೆ ಅರ್ಥವಾದದ್ದು ಕುಂಚ ಹಿಡಿದಾಗ. ಒಂದು ಗೆರೆ ಮುಗಿದಲ್ಲಿ ಕುಂಚದ ತುದಿ ಮುಂದಿನ ಗೆರೆಯ ಆರಂಭದತ್ತ ತಿರುಗಿರುತ್ತದೆ. ವೇಗವಾಗಿ ಬರೆಯುವ 'ಶಿಂಗ್‌ಶು' ಶೈಲಿಯಲ್ಲಿ ಗೆರೆಗಳು ಒಂದಕ್ಕೊಂದು ಕೂಡುವುದೂ ಈ ಕ್ರಮದಲ್ಲೇ, ಆದ್ದರಿಂದ ಕ್ರಮ ತಪ್ಪಿದ ಓಡುಬರಹ ಓದುವವರಿಗೆ ತೊಡಕು.

ಯಾವ ದಾರಿ ಹಿಡಿದರೂ ಮಾದರಿ ಯಾವ ದೇಶದ್ದೆಂದು ಮೊದಲು ನೋಡಿಕೊಳ್ಳಿ. ಹೊಲ ಎಂಬ ಅರ್ಥದ 'ತ್ಯೆನ್' (田) ಅಕ್ಷರದ ಒಳಗೆ ಚೀನಾದಲ್ಲಿ ಅಡ್ಡಗೆರೆ ಮೊದಲು, ಜಪಾನಿನಲ್ಲಿ ನಿಂತ ಗೆರೆ ಮೊದಲು. ಅಂತರ್ಜಾಲದ ಚಿತ್ರಗಳಲ್ಲಿ ಎರಡೂ ಬೆರೆತಿರುತ್ತವೆ. ಚೀನೀ ಕಲಿಯುವವರು ಚೀನಾದ ಕ್ರಮವನ್ನೇ ಹಿಡಿಯಬೇಕು.

ಎಲ್ಲ ಅಕ್ಷರಗಳನ್ನೂ ಕೈಯಲ್ಲಿ ಬರೆಯಬೇಕಿಲ್ಲ. ವಿದೇಶಿ ಕಲಿಕೆದಾರರಿಗಾಗಿ ಚೀನಾ 2021ರಲ್ಲಿ ಹೊರಡಿಸಿದ ಮಾನದಂಡದಲ್ಲಿ 3000 ಅಕ್ಷರಗಳಿದ್ದರೂ ಕೈಬರಹಕ್ಕೆ ಪಟ್ಟಿ ಮಾಡಿರುವುದು 1200 ಮಾತ್ರ, ಆರಂಭದ ಹಂತಕ್ಕೆ 300. ಆ 300ನ್ನು ಹಾಳೆಯ ಮೇಲೆ ತಿದ್ದಿ, ಕ್ರಮವನ್ನು ಆ್ಯಪ್‌ನಲ್ಲಿ ಪರೀಕ್ಷಿಸಿಕೊಳ್ಳಿ. ಕುಂಚ ಅದಾದ ಮೇಲೆ.